ಒಂದೂವರೆ ಆಳಿಗೆ ಬಂದ ಪಿಯಾನೋ

ಆಗಸ್ಟ್ ವಿಲ್ಸನ್ ಬರೆದ ‘ದಿ ಪಿಯಾನೋ ಲೆಸನ್’ ನಾಟಕದಲ್ಲಿ ಬರುವ ಪಿಯಾನೋದ ಬೆಲೆ ಒಂದೂವರೆ ಆಳು. ಲೆಕ್ಕ ಹೀಗೆ: ವಯಸ್ಸಿಗೆ ಬಂದ ಹೆಂಗಸು ಒಂದು, ಅವಳ ಒಂಬತ್ತು ವರ್ಷದ ಮಗ ಅರ್ಧ. ಮಿಸಿಸಿಪಿಯ ಜಮೀನ್ದಾರ ರಾಬರ್ಟ್ ಸಟರ್‌ಗೆ ಮದುವೆಯ ವಾರ್ಷಿಕೋತ್ಸವಕ್ಕೆ ಹೆಂಡತಿ ಒಫೀಲಿಯಾಗೆ ಒಂದು ಪಿಯಾನೋ ಕೊಡುವ ಆಸೆ. ಕೈಯಲ್ಲಿ ದುಡ್ಡಿರಲಿಲ್ಲ, ಆಳುಗಳಿದ್ದರು. ಜಾರ್ಜಿಯಾದ ನೊಲ್ಯಾಂಡರ್ ಹತ್ತಿರ ಪಿಯಾನೋ ಇತ್ತು. ಅದಲುಬದಲಾಯಿತು. ಒಫೀಲಿಯಾ ಕೆಲವು ದಿನ ಖುಷಿಯಾಗಿ ನುಡಿಸಿಕೊಂಡಿದ್ದಳು. ಆಮೇಲೆ ಅಡುಗೆ ಮಾಡಿ ಹಾಕುತ್ತಿದ್ದ ಆ ಹೆಂಗಸು, ಕೂಗಿದರೆ ಓಡಿಬರುತ್ತಿದ್ದ ಆ ಹುಡುಗ ನೆನಪಾಗತೊಡಗಿದರು. ವಾಪಸ್ ಕೊಡಿ ಅಂದರೆ ನೊಲ್ಯಾಂಡರ್ ಒಪ್ಪಲಿಲ್ಲ. ಅವಳು ಹಾಸಿಗೆ ಹಿಡಿದಳು. ಆಗ ಸಟರ್, ಮಾರಿಹೋದವಳ ಗಂಡನನ್ನೇ ಕರೆದ. ಅವನು ಒಳ್ಳೆಯ ಮರಗೆಲಸದವನು. ನಿನ್ನ ಹೆಂಡತಿ, ಮಗನ ಮುಖಗಳನ್ನ ಈ ಪಿಯಾನೋ ಮೇಲೆ ಕೆತ್ತು ಅಂದ.

ಅವನು ಎರಡು ಮುಖಕ್ಕೆ ನಿಲ್ಲಿಸಲಿಲ್ಲ. ತನ್ನ ಅಪ್ಪ, ಅಮ್ಮ, ತನ್ನ ಮದುವೆ, ಮಗ ಹುಟ್ಟಿದ್ದು, ಅಮ್ಮನ ಶವಸಂಸ್ಕಾರ, ಹೆಂಡತಿ ಮಗನನ್ನು ಕರೆದೊಯ್ದ ದಿನ, ಎಲ್ಲವನ್ನೂ ಕೆತ್ತಿದ. ಸಟರ್‌ಗೆ ಸಿಟ್ಟು ಬಂತು. ಒಫೀಲಿಯಾಗೆ ಮಾತ್ರ ತುಂಬಾ ಖುಷಿ. ಈಗ ಅವಳಿಗೆ ಪಿಯಾನೋನೂ ಸಿಕ್ಕಿತ್ತು, ಆಳುಗಳೂ ಸಿಕ್ಕಿದ್ದರು.

ಇದಿಷ್ಟರಲ್ಲಿ ಒಂದು ತುಣುಕೂ ರಂಗದ ಮೇಲೆ ನಡೆಯುವುದಿಲ್ಲ. ನಾಟಕ ನಡೆಯೋದು 1936ರಲ್ಲಿ, ಪಿಟ್ಸ್‌ಬರ್ಗಿನ ಹಿಲ್ ಡಿಸ್ಟ್ರಿಕ್ಟ್‌ನ ಒಂದು ಬಡ ಮನೆಯಲ್ಲಿ. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು ಎಪ್ಪತ್ತು ವರ್ಷದ ಮೇಲಾಗಿದೆ. ಆ ‘ಅರ್ಧ ಆಳಿನ’ ಮಗ ಡೋಕರ್ ಈಗ ರೈಲಿನಲ್ಲಿ ಅಡುಗೆ ಕೆಲಸದವನು. ಮನೆಗೆ ಬಂದ ಹುಡುಗನೊಬ್ಬನಿಗೆ ಅವನು ಈ ಕಥೆ ಹೇಳುತ್ತಾನೆ, ಅಷ್ಟೇ. ಚಾಟಿ ಇಲ್ಲ, ಸಂಕೋಲೆ ಇಲ್ಲ, ಹರಾಜುಕಟ್ಟೆ ಇಲ್ಲ. ಒಬ್ಬ ವಯಸ್ಸಾದ ಮನುಷ್ಯ, ಅವನ ಮಾತು, ಹಿಂದೆ ಆ ಪಿಯಾನೋ. ಗುಲಾಮಗಿರಿಯ ಬಗ್ಗೆ ನಾಟಕ ಅಂದಕೂಡಲೇ ನಮ್ಮ ಕಣ್ಣಮುಂದೆ ಬರುವ ಯಾವುದೂ ಇಲ್ಲಿಲ್ಲ. ಆದರೂ ‘ಒಂದೂವರೆ’ ಅನ್ನೋ ಆ ಒಂದು ಸಂಖ್ಯೆ ಮಾಡುವ ಕೆಲಸವನ್ನು ಹತ್ತು ಚಾಟಿಯೇಟಿನ ದೃಶ್ಯಗಳು ಮಾಡಲಾರವು.

ವಿಲ್ಸನ್ ಹುಟ್ಟಿದ್ದು 1945ರಲ್ಲಿ, ಅದೇ ಹಿಲ್ ಡಿಸ್ಟ್ರಿಕ್ಟ್‌ನಲ್ಲಿ. 2005ರಲ್ಲಿ ಸಾಯುವ ಮೊದಲು ಇಪ್ಪತ್ತನೇ ಶತಮಾನದ ಒಂದೊಂದು ದಶಕಕ್ಕೆ ಒಂದೊಂದರಂತೆ ಹತ್ತು ನಾಟಕ ಮುಗಿಸಿದ. ಒಂದನ್ನು ಬಿಟ್ಟು ಎಲ್ಲವೂ ಪಿಟ್ಸ್‌ಬರ್ಗಿನವೇ. ‘ಪಿಯಾನೋ ಲೆಸನ್’ 1987ರಲ್ಲಿ ಯೇಲ್ ರೆಪರ್ಟರಿಯಲ್ಲಿ ಮೊದಲು ರಂಗಕ್ಕೆ ಬಂತು, 1990ರಲ್ಲಿ ಪುಲಿಟ್ಜರ್ ಪಡೆಯಿತು. ಡೆನ್ಜೆಲ್ ವಾಷಿಂಗ್ಟನ್ ಈಗ ಈ ನಾಟಕಗಳನ್ನು ಒಂದೊಂದಾಗಿ ಸಿನಿಮಾ ಮಾಡಿಸುತ್ತಿರುವುದು ನಿಮಗೆ ಗೊತ್ತಿರಬಹುದು. ‘ಫೆನ್ಸಸ್’, ‘ಮಾ ರೇನೀಸ್ ಬ್ಲ್ಯಾಕ್ ಬಾಟಮ್’ ಆಯಿತು, 2024ರಲ್ಲಿ ‘ಪಿಯಾನೋ ಲೆಸನ್’ ನೆಟ್‌ಫ್ಲಿಕ್ಸಿಗೆ ಬಂತು. ನಿರ್ದೇಶಕ ಅವನ ಮಗ ಮಾಲ್ಕಮ್, ನಾಯಕ ಇನ್ನೊಬ್ಬ ಮಗ ಜಾನ್ ಡೇವಿಡ್. ಮನೆತನದ ಆಸ್ತಿಯ ಬಗೆಗಿನ ನಾಟಕವನ್ನು ಒಂದು ಮನೆತನವೇ ಸೇರಿ ಸಿನಿಮಾ ಮಾಡಿದೆ. ವಿಲ್ಸನ್ ಇದ್ದಿದ್ದರೆ ಇದಕ್ಕೆ ಜೋರಾಗಿ ನಗುತ್ತಿದ್ದ ಅನಿಸುತ್ತದೆ.

ಜಗಳ ಇಷ್ಟೇ. ಪಿಯಾನೋ ಈಗ ಅಕ್ಕ ಬರ್ನೀಸ್ ಮನೆಯಲ್ಲಿದೆ. ತಮ್ಮ ಬಾಯ್ ವಿಲ್ಲಿ ಒಂದು ಲಾರಿ ಕಲ್ಲಂಗಡಿ ಹೇರಿಕೊಂಡು ಮಿಸಿಸಿಪಿಯಿಂದ ಬಂದಿದ್ದಾನೆ. ಕಲ್ಲಂಗಡಿ ಮಾರಿದ ದುಡ್ಡು, ಕೂಡಿಟ್ಟ ದುಡ್ಡು, ಪಿಯಾನೋ ಮಾರಿದ ದುಡ್ಡು ಮೂರೂ ಸೇರಿದರೆ ಊರಲ್ಲಿ ಸಟರ್ ಕುಟುಂಬದ ನೂರು ಎಕರೆ ಕೊಳ್ಳಬಹುದು. ತನ್ನ ಹಿರೀಕರು ಯಾವ ಹೊಲದಲ್ಲಿ ಆಳಾಗಿ ದುಡಿದರೋ ಅದೇ ಹೊಲ. ಅಕ್ಕ ಮಾರಲ್ಲ ಅಂತಾಳೆ. ನುಡಿಸೋದೂ ಇಲ್ಲ. ಅಮ್ಮ ಸತ್ತ ಮೇಲೆ ಅದನ್ನು ಮುಟ್ಟಿಲ್ಲ.

ಅಣ್ಣತಮ್ಮಂದಿರ, ಅಕ್ಕತಮ್ಮಂದಿರ ಹಿಸ್ಸೆ ಜಗಳ ನೋಡಿದವರಿಗೆ ಇದು ಪರಿಚಿತ ಅನಿಸುತ್ತೆ. ಒಬ್ಬರಿಗೆ ಮನೆ ಅಂದರೆ ಅಪ್ಪ ಅಮ್ಮ, ಇನ್ನೊಬ್ಬರಿಗೆ ಅದು ಸೈಟು. ಹಾಗಾಗಿ ಮೊದಲ ಅರ್ಧ ಗಂಟೆ ನಾವೆಲ್ಲ ಅಕ್ಕನ ಕಡೆ. ತಮ್ಮ ಗಲಾಟೆಯವನು, ಬಾಯಿ ಜೋರು, ಬೆಳಿಗ್ಗೆ ಐದು ಗಂಟೆಗೆ ಬಂದು ಬಾಗಿಲು ಬಡಿಯೋನು. ಅವನಿಗೆ ನೆನಪಿನ ಬೆಲೆ ಗೊತ್ತಿಲ್ಲ ಅಂತ ತೀರ್ಮಾನಿಸಿಬಿಡುತ್ತೇವೆ. ಆಮೇಲೆ ವಿಲ್ಸನ್ ಅವನ ಬಾಯಲ್ಲಿ ವಾದ ಇಡಲು ಶುರು ಮಾಡುತ್ತಾನೆ, ನಾವು ಕೂತಲ್ಲೇ ಸ್ವಲ್ಪ ಸ್ವಲ್ಪ ಸರಿಯುತ್ತೇವೆ. ನಮ್ಮಪ್ಪನ ಹತ್ತಿರ ಇದ್ದಿದ್ದು ಎರಡು ದೊಡ್ಡ ಕೈ ಮಾತ್ರ, ಆ ಕೈಗೆ ಕೆಲಸ ಮಾಡಲು ಸ್ವಂತದ್ದು ಅಂತ ಏನೂ ಇರಲಿಲ್ಲ ಅಂತಾನೆ ಅವನು. ಯಾರೂ ನುಡಿಸದ ಪಿಯಾನೋ ಬರೀ ಮರದ ತುಂಡು. ನೆಲ ಹಾಗಲ್ಲ, ವರ್ಷವರ್ಷ ಬೆಳೆಯುತ್ತೆ, ಎದುರಿನವನ ಸಮಕ್ಕೆ ನಿಲ್ಲಿಸುತ್ತೆ.

ಇಲ್ಲಿ ಇತಿಹಾಸ ಸ್ವಲ್ಪ ಗೊತ್ತಿದ್ದರೆ ಅವನ ಮಾತಿನ ತೂಕ ತಿಳಿಯುತ್ತೆ. 1865ರ ಜನವರಿಯಲ್ಲಿ, ಅಂತರ್ಯುದ್ಧ ಮುಗಿಯುವ ಹೊತ್ತಿಗೆ, ಜನರಲ್ ಶರ್ಮನ್ ಒಂದು ಆದೇಶ ಹೊರಡಿಸಿದ. ದಕ್ಷಿಣದ ಕರಾವಳಿಯ ಒಂದು ಪಟ್ಟಿಯಲ್ಲಿ ಬಿಡುಗಡೆಯಾದ ಕುಟುಂಬಗಳಿಗೆ ನಲವತ್ತು ಎಕರೆವರೆಗೆ ನೆಲ ಹಂಚುವ ಆದೇಶ. ಏಪ್ರಿಲ್‌ನಲ್ಲಿ ಲಿಂಕನ್ ಹತ್ಯೆಯಾಯಿತು. ಆಮೇಲೆ ಬಂದ ಆಂಡ್ರ್ಯೂ ಜಾನ್ಸನ್ ವರ್ಷ ಮುಗಿಯುವುದರೊಳಗೆ ಆ ನೆಲವನ್ನೆಲ್ಲ ಹಳೆಯ ಧಣಿಗಳಿಗೆ ವಾಪಸ್ ಕೊಡಿಸಿದ. ಬಿಡುಗಡೆಯಾದವರು ಅದೇ ಧಣಿಯ ಅದೇ ಹೊಲದಲ್ಲಿ ಪಾಲಿಗೆ ಉಳುವವರಾದರು. ಬೆಳೆಯಲ್ಲಿ ಪಾಲು, ಅಂಗಡಿಯಲ್ಲಿ ಸಾಲ, ವರ್ಷದ ಕೊನೆಗೆ ಲೆಕ್ಕ ಮಾಡಿದರೆ ಇವರೇ ಬಾಕಿ. ಹಾಗಾಗಿ ಬಾಯ್ ವಿಲ್ಲಿ ಕೇಳುತ್ತಿರುವ ನೂರು ಎಕರೆ ಬರೀ ರಿಯಲ್ ಎಸ್ಟೇಟ್ ಅಲ್ಲ. ಅದು ಎಪ್ಪತ್ತು ವರ್ಷದ ಹಿಂದಿನ ಬಾಕಿ. ಅದನ್ನೂ ಅವನು ದುಡ್ಡು ಕೊಟ್ಟೇ ಕೊಳ್ಳಬೇಕು. ಆ ದುಡ್ಡಿಗೆ ಮುತ್ತಜ್ಜಿಯ ಮುಖ ಮಾರಬೇಕು.

ಬರ್ನೀಸ್ ಕಡೆಗೂ ಅಷ್ಟೇ ತೂಕದ ಕಥೆ ಇದೆ. ಇವರಿಬ್ಬರ ಅಪ್ಪ ಬಾಯ್ ಚಾರ್ಲ್ಸ್‌ಗೆ ಆ ಪಿಯಾನೋದ್ದೇ ಧ್ಯಾನ. ಅದು ಸಟರ್ ಮನೆಯಲ್ಲಿರುವ ತನಕ ನಾವೂ ಅವರ ಮನೆಯ ಸ್ವತ್ತೇ ಅನ್ನೋದು ಅವನ ನಂಬಿಕೆ. 1911ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ, ಸಟರ್ ಮನೆಯವರು ಪಿಕ್ನಿಕ್‌ಗೆ ಹೋಗಿದ್ದಾಗ ಇಬ್ಬರು ತಮ್ಮಂದಿರ ಜೊತೆ ಸೇರಿ ಅದನ್ನು ಹೊತ್ತುಕೊಂಡು ಬಂದ. ಅವತ್ತೇ ರೈಲಿನ ಬೋಗಿಯೊಂದರಲ್ಲಿ ಅವನನ್ನು, ಜೊತೆಗಿದ್ದ ನಾಲ್ವರು ಅಲೆಮಾರಿಗಳನ್ನು ಸುಟ್ಟು ಹಾಕಿದರು. ಅಮ್ಮ ಹದಿನೇಳು ವರ್ಷ ಆ ಪಿಯಾನೋ ಒರೆಸುತ್ತಾ ಬದುಕಿದಳು. ಗಂಡಸರು ಸಾಹಸ ಮಾಡಿ ಸಾಯುತ್ತೀರಿ, ಕೈ ರಕ್ತ ಬರುವವರೆಗೆ ತಿಕ್ಕಿ ಒರೆಸೋರು ನಾವು ಅನ್ನೋದು ಬರ್ನೀಸ್ ಸಿಟ್ಟು. ಕೆತ್ತನೆಯ ಕಥೆಯನ್ನು ಎಲ್ಲರೂ ಹೊಗಳುತ್ತಾರೆ, ಒರೆಸಿದ ಕಥೆಯನ್ನು ಅವಳೊಬ್ಬಳೇ ಎತ್ತುತ್ತಾಳೆ. ಸಿನಿಮಾದಲ್ಲಿ ಡ್ಯಾನಿಯೆಲ್ ಡೆಡ್‌ವೈಲರ್ ಈ ಮಾತುಗಳನ್ನು ಹೇಳುವ ರೀತಿ ನೋಡಬೇಕು. ದನಿ ಏರಿಸುವ ಬದಲು ದವಡೆ ಬಿಗಿ ಮಾಡುತ್ತಾಳೆ.

ಸಿನಿಮಾದ ಬಗ್ಗೆ ನನ್ನ ತಕರಾರು ಶುರುವಾಗೋದು ಅದರ ಮೊದಲ ದೃಶ್ಯದಿಂದಲೇ. ನಾಟಕದಲ್ಲಿ ಡೋಕರ್ ಬಾಯಿಂದ ಬರುವ 1911ರ ಆ ಕಳವನ್ನು ಮಾಲ್ಕಮ್ ವಾಷಿಂಗ್ಟನ್ ಆರಂಭದಲ್ಲೇ ತೋರಿಸಿಬಿಡುತ್ತಾನೆ. ಆಕಾಶದಲ್ಲಿ ಪಟಾಕಿ, ಕತ್ತಲಲ್ಲಿ ಕೆಂಪು ನೀಲಿ ಬೆಳಕು, ಬೆವರುವ ಮುಖಗಳು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಮೊದಲ ಸಿನಿಮಾ ಮಾಡುವ ಹುಡುಗನಿಗೆ ಕಣ್ಣಿದೆ. ಆದರೆ ತೋರಿಸಿದ ಮೇಲೆ ಡೋಕರ್‌ಗೆ ಹೇಳಲು ಉಳಿದಿದ್ದೇನು? ಸ್ಯಾಮ್ಯುಯೆಲ್ ಎಲ್. ಜಾಕ್ಸನ್ 1987ರಲ್ಲಿ ಯೇಲ್‌ನಲ್ಲಿ ಬಾಯ್ ವಿಲ್ಲಿ ಆಗಿದ್ದವನು, ಈಗ ಡೋಕರ್. ಅಂಥ ನಟ ಎದುರಿಗೆ ಕೂತು ಕಥೆ ಹೇಳುವಾಗಲೂ ಕ್ಯಾಮೆರಾಗೆ ಅವನ ಮುಖದ ಮೇಲೆ ನಂಬಿಕೆ ಸಾಲದೆ ಹಿಂದಿನ ಕಾಲಕ್ಕೆ ಓಡಿಹೋಗುತ್ತದೆ.

ಇದು ಬರೀ ನಾಟಕಪ್ರಿಯರ ಗೊಣಗಾಟ ಅಲ್ಲ. ಗುಲಾಮಗಿರಿಯ ವಿಷಯದಲ್ಲಿ ತೋರಿಸೋದಕ್ಕೂ ಹೇಳೋದಕ್ಕೂ ದೊಡ್ಡ ವ್ಯತ್ಯಾಸ ಇದೆ. ಗುಲಾಮರಾಗಿದ್ದವರಿಗೆ ಓದು ಬರಹ ಕಲಿಸೋದು ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. ಅವರ ಹೆಸರುಗಳು ಕಾಗದದ ಮೇಲೆ ಉಳಿದಿರೋದು ಹೆಚ್ಚಾಗಿ ಧಣಿಯ ಆಸ್ತಿಪಟ್ಟಿಯಲ್ಲಿ, ಕ್ರಯಪತ್ರದಲ್ಲಿ, ಓಡಿಹೋದವರ ಬಗ್ಗೆ ಕೊಟ್ಟ ಜಾಹೀರಾತಿನಲ್ಲಿ. ಮನೆಮಂದಿಯ ಕಡೆಯಿಂದ ಉಳಿದಿದ್ದು ಮಾತು, ಹಾಡು, ಕೈಕೆಲಸ. ಡೋಕರ್‌ನ ಮಾತು ಇತಿಹಾಸದ ವರದಿ ಅಲ್ಲ, ಅದೇ ಇತಿಹಾಸ. ಅವನು ಎಲ್ಲಿ ತಡವರಿಸುತ್ತಾನೆ, ಎಲ್ಲಿ ನಗುತ್ತಾನೆ, ಎಲ್ಲಿ ಒಂದು ಹೆಸರನ್ನು ಎರಡು ಸಲ ಹೇಳುತ್ತಾನೆ ಅನ್ನೋದರಲ್ಲಿ ಎಲ್ಲವೂ ಇದೆ. ಕಳವನ್ನು ನಾವೇ ಕಣ್ಣಾರೆ ನೋಡಿದ ಮೇಲೆ ಅವನ ಸಾಕ್ಷಿ ನಮಗೆ ಬೇಕಾಗುವುದಿಲ್ಲ.

ಆದರೆ ಒಂದು ದೃಶ್ಯ ಇದೆ, ಅದಕ್ಕಾಗಿ ಈ ಸಿನಿಮಾದ ಎಲ್ಲ ತಪ್ಪನ್ನೂ ಮನ್ನಿಸುತ್ತೇನೆ. ನಾಲ್ವರು ಗಂಡಸರು ಅಡುಗೆಮನೆಯಲ್ಲಿ ಕೂತು ಕುಡಿಯುತ್ತಾ ಹರಟುತ್ತಿದ್ದಾರೆ. ಮಾತು ಪಾರ್ಚ್‌ಮನ್‌ಗೆ ಬರುತ್ತೆ. ಪಾರ್ಚ್‌ಮನ್ ಮಿಸಿಸಿಪಿಯ ಸರ್ಕಾರಿ ಜೈಲು. ಆ ಕಾಲದಲ್ಲಿ ಜೈಲು ಅನ್ನೋದಕ್ಕಿಂತ ಹತ್ತಿ ಬೆಳೆಯುವ ದೊಡ್ಡ ಎಸ್ಟೇಟು ಅನ್ನಬೇಕಿತ್ತು, ಕೈದಿಗಳೇ ಅಲ್ಲಿ ಕೂಲಿಗಳಾಗಿದ್ದರು. ಒಬ್ಬ ಅಲ್ಲಿನ ಕೆಲಸದ ಹಾಡು ಎತ್ತುತ್ತಾನೆ, ಇನ್ನೊಬ್ಬ ಮೇಜು ಕುಟ್ಟುತ್ತಾನೆ, ಮೂರನೆಯವ ಕಾಲು ನೆಲಕ್ಕೆ ಬಡಿಯುತ್ತಾನೆ. ಎಲ್ಲರಿಗೂ ಹಾಡು ಬಾಯಿಪಾಠ. ಯಾಕೆ ಬಾಯಿಪಾಠ ಅನ್ನೋದು ನಿಮಗೆ ಒಂದು ಕ್ಷಣ ತಡವಾಗಿ ಹೊಳೆಯುತ್ತೆ. ಈ ಮನೆಯ ಗಂಡಸರೆಲ್ಲ ಆ ಹೊಲದಲ್ಲಿ ಗುದ್ದಲಿ ಹಿಡಿದವರೇ! ಗುಲಾಮಗಿರಿ ಮುಗಿದ ಮೇಲೆ ಅದು ಯಾವ ಬಾಗಿಲಿಂದ ಒಳಗೆ ಬಂತು ಅಂತ ಯಾವ ಪಾತ್ರವೂ ಭಾಷಣ ಮಾಡುವುದಿಲ್ಲ. ಹಾಡುತ್ತಾರೆ. ಸಂತೋಷವಾಗಿಯೇ ಹಾಡುತ್ತಾರೆ. ಇಲ್ಲಿ ಮಾಲ್ಕಮ್ ಎಲ್ಲಿಗೂ ಓಡುವುದಿಲ್ಲ, ಆ ಅಡುಗೆಮನೆಯಲ್ಲೇ ಇರುತ್ತಾನೆ. ಹೆಡ್‌ಫೋನ್ ಹಾಕಿಕೊಂಡು ನೋಡಿ.

ದೆವ್ವದ ವಿಷಯಕ್ಕೆ ಬರೋಣ. ಸಟರ್‌ನ ವಂಶದವನೊಬ್ಬ ಈಚೆಗೆ ಬಾವಿಗೆ ಬಿದ್ದು ಸತ್ತಿದ್ದಾನೆ. ಅವನ ದೆವ್ವ ಪಿಯಾನೋ ಹಿಂದೆ ಪಿಟ್ಸ್‌ಬರ್ಗಿಗೆ ಬಂದಿದೆ. ಕೊನೆಯಲ್ಲಿ ಬಾಯ್ ವಿಲ್ಲಿ ಮಹಡಿ ಮೇಲೆ ಆ ದೆವ್ವದ ಜೊತೆ ಕುಸ್ತಿಗೆ ಬೀಳುತ್ತಾನೆ. ಪಾದ್ರಿಯ ಪ್ರಾರ್ಥನೆ ಕೆಲಸಕ್ಕೆ ಬರುವುದಿಲ್ಲ. ಆಗ ಬರ್ನೀಸ್ ಎಷ್ಟೋ ವರ್ಷದ ಮೇಲೆ ಪಿಯಾನೋ ಮುಂದೆ ಕೂತು, ಸತ್ತ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾ ನುಡಿಸುತ್ತಾಳೆ. ದೆವ್ವ ಹೋಗುತ್ತೆ. ತಮ್ಮ ಪಿಯಾನೋ ಬಿಟ್ಟು ಊರಿಗೆ ಹೊರಡುತ್ತಾನೆ. 1990ರಲ್ಲಿ ರಾಬರ್ಟ್ ಬ್ರೂಸ್ಟೀನ್ ಅನ್ನುವ ವಿಮರ್ಶಕ, ವಾಸ್ತವವಾದಿ ನಾಟಕದೊಳಗೆ ಈ ದೆವ್ವ ಕೂರುವುದಿಲ್ಲ ಅಂತ ಹರಿಹಾಯ್ದಿದ್ದ. ಅವನಿಗೂ ವಿಲ್ಸನ್‌ಗೂ ಆಮೇಲೆ ದೊಡ್ಡ ಜಟಾಪಟಿಯೇ ಆಯಿತು. 1997ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಇಬ್ಬರೂ ಎದುರುಬದುರು ಕೂತು ವಾದ ಮಾಡಿದರು. ಕರಿಯರ ರಂಗಭೂಮಿಗೆ ಅದರದ್ದೇ ನೆಲೆ, ಅದರದ್ದೇ ದುಡ್ಡು ಬೇಕು ಅನ್ನೋದು ವಿಲ್ಸನ್ ವಾದ.

ದೆವ್ವದ ಬಗ್ಗೆ ಬ್ರೂಸ್ಟೀನ್ ಹೇಳಿದ್ದು ನನಗೆ ಒಪ್ಪಿಗೆ ಇಲ್ಲ. ಮನೆಯಲ್ಲಿ ದೆವ್ವ ಇದೆ ಅನ್ನೋದು ಭೂತ, ಕೋಲ, ಮೈಮೇಲೆ ಬರೋದು ನೋಡಿ ಬೆಳೆದ ನಮಗೆ ಅಷ್ಟೇನೂ ವಿಚಿತ್ರವಲ್ಲ. ನಾಟಕದ ಪಾತ್ರಗಳಿಗೂ ಅಲ್ಲ. ಅವರು ದೆವ್ವವನ್ನು ನಂಬದೆ ಒದ್ದಾಡುವುದಿಲ್ಲ, ಅದು ಯಾರನ್ನು ಹುಡುಕಿ ಬಂದಿದೆ ಅಂತ ಚರ್ಚೆ ಮಾಡುತ್ತಾರೆ. (ಸಿನಿಮಾದವರು ಅದಕ್ಕೆ ಹಾರರ್ ಚಿತ್ರದ ಮೇಕಪ್ ಹಚ್ಚಿದ್ದು ಬೇರೆ ಮಾತು.) ನನ್ನ ತಕರಾರು ಬೇರೆ. ಪಿಯಾನೋ ಪ್ರಶ್ನೆಯನ್ನು ದೆವ್ವ ಬಿಡಿಸಿಬಿಟ್ಟಿತು, ಸರಿ. ನೆಲದ ಪ್ರಶ್ನೆ? ಎರಡೂವರೆ ಗಂಟೆ ಒಬ್ಬ ಮನುಷ್ಯ ನೂರು ಎಕರೆ ನೂರು ಎಕರೆ ಅಂತ ಗಂಟಲು ಹರಿದುಕೊಂಡಿದ್ದಾನೆ. ದುಡ್ಡು ತರದಿದ್ದರೆ ಸ್ಟೋವಾಲ್ ಅನ್ನುವ ಬಿಳಿಯ ಆಸಾಮಿ ಅದನ್ನು ಕೊಳ್ಳುತ್ತಾನೆ ಅಂತ ನಮಗೆ ಗೊತ್ತು. ಕೊನೆಗೆ ಅವನು ಬರಿಗೈಯಲ್ಲಿ ರೈಲಿಗೆ ಹೋಗುತ್ತಾನೆ, ನಾಟಕ ಅದನ್ನು ಒಂದು ಸಮಾಧಾನದ ಹಾಗೆ ತೋರಿಸುತ್ತದೆ. ಹಿರಿಯರ ಮುಖ ಉಳಿಯಿತು, ಹೊಲ ಹೋಯಿತು. ನೆನಪು ಉಳಿಸಿಕೊಂಡರೆ ಸಾಕು, ನೆಲ ಯಾಕೆ ಅನ್ನೋದು ನೆಲ ಇದ್ದವರು ಹೇಳಬಹುದಾದ ಮಾತು. ವಿಲ್ಸನ್ ಅಂಥವನಲ್ಲ. ಆದರೂ ಕೊನೆಯ ಹತ್ತು ನಿಮಿಷದಲ್ಲಿ ಅವನ ನಾಟಕ ಆ ಮಾತಿನ ತೀರಾ ಹತ್ತಿರ ಹೋಗಿ ನಿಲ್ಲುತ್ತದೆ.

ಇದಕ್ಕಿಂತ ನನಗೆ ಇಷ್ಟವಾದದ್ದು ಅವನ ‘ಜೆಮ್ ಆಫ್ ದಿ ಓಷನ್’, 2003ರಲ್ಲಿ ಶಿಕಾಗೋದಲ್ಲಿ ಮೊದಲು ಆಡಿದ್ದು. ಸಿನಿಮಾ ಆಗಿಲ್ಲ, ಪುಸ್ತಕ ಸಿಗುತ್ತೆ. 1904ರ ಕಥೆ. ಅದರಲ್ಲಿ ಆಂಟ್ ಎಸ್ಟರ್ ಅನ್ನುವ ಮುದುಕಿಗೆ 285 ವರ್ಷ. ಕಳೆದು ನೋಡಿ, ಹುಟ್ಟಿದ್ದು 1619. ಆಫ್ರಿಕಾದಿಂದ ಹಿಡಿದು ತಂದವರನ್ನು ವರ್ಜೀನಿಯಾದಲ್ಲಿ ಮೊದಲು ಇಳಿಸಿದ ವರ್ಷ. ಯಾರೂ ಇದನ್ನು ನಾಟಕದಲ್ಲಿ ಬಿಡಿಸಿ ಹೇಳುವುದಿಲ್ಲ. ಸಿಟಿಜನ್ ಬಾರ್ಲೊ ಅನ್ನುವ ಹುಡುಗ ಅವಳ ಹತ್ತಿರ ಬರುತ್ತಾನೆ. ಮಿಲ್ಲಿನಲ್ಲಿ ಒಂದು ಬಕೆಟ್ ಮೊಳೆ ಕದ್ದವನು ಇವನು, ಅಪವಾದ ಬಂದಿದ್ದು ಇನ್ನೊಬ್ಬನ ಮೇಲೆ. ಅವನು ಕದ್ದಿಲ್ಲ ಅಂತ ನದಿಗೆ ಹಾರಿ, ಒಪ್ಪಿಕೊಂಡು ಮೇಲೆ ಬರುವುದಕ್ಕಿಂತ ಮುಳುಗೋದೇ ಮೇಲು ಅಂತ ಸತ್ತಿದ್ದಾನೆ. ಬಾರ್ಲೊಗೆ ಆತ್ಮ ತೊಳೆದುಕೊಳ್ಳಬೇಕು. ಎಸ್ಟರ್ ಅವನನ್ನು ಎಲುಬುಗಳ ಊರಿಗೆ ಕಳಿಸುತ್ತಾಳೆ. ಅಟ್ಲಾಂಟಿಕ್ ದಾಟುವಾಗ ಸತ್ತು ಕಡಲ ಪಾಲಾದವರು ತಮ್ಮ ಎಲುಬಿನಿಂದಲೇ ಕಟ್ಟಿಕೊಂಡ ಊರು ಅದು.

ಹೇಗೆ ಕಳಿಸೋದು? ಒಂದು ಕಾಗದದ ದೋಣಿ ಕೈಗೆ ಕೊಡುತ್ತಾಳೆ. ಮಳೆ ಬಂದಾಗ ನಾವೆಲ್ಲ ನೋಟ್‌ಬುಕ್ ಹಾಳೆ ಹರಿದು ಮಾಡುತ್ತಿದ್ದೆವಲ್ಲ, ಅಂಥದ್ದೇ. ಬಿಡಿಸಿ ನೋಡಿದರೆ ಅದು ಅವಳನ್ನು ಮಾರಿದ ಕ್ರಯಪತ್ರ. ಮನೆಯವರೆಲ್ಲ ಸುತ್ತ ನಿಂತು ಹಾಡುತ್ತಾರೆ, ಮುಖವಾಡ ಹಾಕುತ್ತಾರೆ, ಹುಡುಗನ ಕೈಯಲ್ಲಿ ದೋಣಿ ಅಲುಗಾಡತೊಡಗುತ್ತದೆ. ಅಷ್ಟೇ, ನಾವು ಹಡಗಿನ ಹೊಟ್ಟೆಯಲ್ಲಿದ್ದೇವೆ. ಯಕ್ಷಗಾನದಲ್ಲಿ ಪಾತ್ರಧಾರಿ ರಂಗಸ್ಥಳಕ್ಕೆ ಒಂದು ಸುತ್ತು ಹಾಕಿದರೆ ಅಯೋಧ್ಯೆಯಿಂದ ಕಾಡು ಮುಟ್ಟುತ್ತಾನಲ್ಲ, ಅದನ್ನು ಒಪ್ಪಿಕೊಂಡು ಬೆಳೆದ ಪ್ರೇಕ್ಷಕರಿಗೆ ಇದು ಕೂಡಲೇ ಹಿಡಿಸುತ್ತೆ. ಇದನ್ನು ಅಮಿರಿ ಬರಾಕಾನ 1967ರ ‘ಸ್ಲೇವ್ ಶಿಪ್’ ಜೊತೆ ಇಟ್ಟು ನೋಡಿ. ಅಲ್ಲಿ ಪೂರ್ತಿ ಕತ್ತಲು, ನರಳಾಟ, ಡೋಲು, ಸರಪಳಿ ಸದ್ದು, ವಾಸನೆ ಕೂಡ. ಪ್ರೇಕ್ಷಕನನ್ನು ಹಡಗಿನೊಳಗೆ ತುರುಕುವ ಕೆಲಸ. ಆ ಕಾಲಕ್ಕೆ ಅದು ಬೇಕಿತ್ತು. ಆದರೆ ಅಂಥ ಒಂದು ಸಂಜೆ ಮುಗಿಸಿ ಹೊರಬಂದವನಿಗೆ ತಾನು ಏನೋ ಅನುಭವಿಸಿ ಬಂದೆ ಅನ್ನೋ ಸುಳ್ಳು ಸಮಾಧಾನ ಸಿಗುವ ಅಪಾಯ ಇದೆ. ಕಾಗದದ ದೋಣಿ ಆ ಸಮಾಧಾನ ಕೊಡುವುದಿಲ್ಲ. ನೀನು ಅಲ್ಲಿರಲಿಲ್ಲ, ಇದು ಬರೀ ಕಾಗದ ಅಂತ ಅದು ಕೊನೆತನಕ ಹೇಳುತ್ತಲೇ ಇರುತ್ತದೆ.

ಮುಂದಿನ ತಲೆಮಾರಿನವರಿಗೆ ವಿಲ್ಸನ್‌ನ ಈ ಗಾಂಭೀರ್ಯದ ಮೇಲೆ ಅನುಮಾನ. ಬ್ರ್ಯಾಂಡನ್ ಜೇಕಬ್ಸ್-ಜೆಂಕಿನ್ಸ್ 2014ರಲ್ಲಿ ‘ಆ್ಯನ್ ಆಕ್ಟರೂನ್’ ಮಾಡಿದಾಗ ಎತ್ತಿಕೊಂಡಿದ್ದು ಡಯನ್ ಬೂಸಿಕಾಲ್ಟ್‌ನ 1859ರ ಮೆಲೋಡ್ರಾಮಾವನ್ನು. ಎಂಟನೇ ಒಂದು ಪಾಲು ಕರಿಯ ರಕ್ತದ ಜೋಯಿ ಎಂಬ ಚೆಲುವೆ ಹರಾಜಾಗುವ ಕಥೆ ಅದು. ನ್ಯೂಯಾರ್ಕಿನಲ್ಲಿ ಅವಳು ಸಾಯುತ್ತಾಳೆ. ಲಂಡನ್ನಿನವರಿಗೆ ಅವಳು ಸಾಯೋದು ಇಷ್ಟವಾಗಲಿಲ್ಲ, ಬೂಸಿಕಾಲ್ಟ್ ಅಲ್ಲಿಗೆ ಬೇರೆ ಅಂತ್ಯ ಬರೆದುಕೊಟ್ಟ! ಅಂದರೆ ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದಾಗಲೇ ಅದು ಟಿಕೆಟ್ ಮಾರುವ ಸರಕಾಗಿತ್ತು. ಜೇಕಬ್ಸ್-ಜೆಂಕಿನ್ಸ್‌ಗೆ ಬೇಕಾಗಿದ್ದು ಇದೇ. ಅವನ ನಾಟಕದಲ್ಲಿ ಕರಿಯ ನಟ ಮುಖಕ್ಕೆ ಬಿಳಿ ಬಳಿದುಕೊಂಡು ನಾಯಕನೂ ಆಗುತ್ತಾನೆ, ಖಳನೂ ಆಗುತ್ತಾನೆ, ಒಂದು ಹಂತದಲ್ಲಿ ತನ್ನ ಜೊತೆ ತಾನೇ ಹೊಡೆದಾಡುತ್ತಾನೆ. ಮನೆಯಾಳುಗಳಾದ ಇಬ್ಬರು ಹೆಂಗಸರು ಇವತ್ತಿನ ಆಫೀಸಿನ ಪ್ಯಾಂಟ್ರಿಯಲ್ಲಿ ನಿಂತು ಬಾಸ್ ಬಗ್ಗೆ ಗೊಣಗುವವರ ಥರ ಮಾತಾಡುತ್ತಾರೆ. ಓದುತ್ತಾ ಬಿದ್ದು ಬಿದ್ದು ನಕ್ಕೆ.

ನಗು ನಿಲ್ಲಿಸುವ ಜಾಗವನ್ನೂ ಅವನು ಗುರುತು ಮಾಡಿಟ್ಟಿದ್ದಾನೆ. ಹಳೆಯ ನಾಟಕದಲ್ಲಿ ಕೊಲೆಗಾರನನ್ನು ಹಿಡಿದುಕೊಡುವುದು ಕ್ಯಾಮೆರಾ ತೆಗೆದ ಒಂದು ಫೋಟೋ. 1859ರಲ್ಲಿ ಅದು ಹೊಸ ಮಾಯೆ. ಇವತ್ತು ಫೋಟೋ ನೋಡಿ ಯಾರು ಬೆಚ್ಚುತ್ತಾರೆ ಅಂತ ನಟ ನಮ್ಮನ್ನೇ ಕೇಳಿ, ನಿಜವಾಗಿ ನಡೆದ ಗುಂಪುಹತ್ಯೆಯೊಂದರ ಫೋಟೋ ಪರದೆ ಮೇಲೆ ಹಾಕುತ್ತಾನೆ. ಇದು ಸರಿಯಾ? ನನಗೆ ಈ ಕ್ಷಣದವರೆಗೂ ಇದು ನುಂಗಲಾರದ ತುತ್ತು. ಆ ಫೋಟೋದಲ್ಲಿರುವವನಿಗೆ ಯಾರೋ ಒಬ್ಬ ಮೊಮ್ಮಗಳು ಇರಬಹುದು ಅನ್ನೋ ಯೋಚನೆ ಬಿಡುವುದಿಲ್ಲ. ಅದೇ ನಾಟಕದಲ್ಲಿ ಎಲ್ಲರೂ ಹೋದ ಮೇಲೆ ಆ ಇಬ್ಬರು ಆಳು ಹೆಂಗಸರು ಕೂತು ಮಾತಾಡುವ ದೃಶ್ಯ ಇದೆ. ಆ ಫೋಟೋಗಿಂತ ಅದೇ ಜೋರಾಗಿ ಹೊಡೆಯುತ್ತೆ. ಜೆರೆಮಿ ಓ. ಹ್ಯಾರಿಸ್‌ನ ‘ಸ್ಲೇವ್ ಪ್ಲೇ’ ಬಗ್ಗೆ ಗದ್ದಲ ಎಷ್ಟೋ ಆಯಿತು, 12 ಟೋನಿ ನಾಮಕರಣ ಆಗಿ ಒಂದೂ ಬರಲಿಲ್ಲ. ರಂಗದ ಹಿಂಬದಿಗೆ ಕನ್ನಡಿ ನಿಲ್ಲಿಸಿ ಪ್ರೇಕ್ಷಕರಿಗೆ ಅವರ ಮುಖವನ್ನೇ ತೋರಿಸಿದ್ದು ಒಳ್ಳೆಯ ಉಪಾಯ. ಆದರೆ ಎರಡನೇ ಅಂಕದ ಥೆರಪಿ ಭಾಷೆ ಬಂದಕೂಡಲೇ ಗುಲಾಮಗಿರಿ ಅನ್ನೋದು ಗಂಡಹೆಂಡಿರ ಕೌನ್ಸೆಲಿಂಗ್‌ನಲ್ಲಿ ಬಗೆಹರಿಯಬೇಕಾದ ಒಂದು ಐಟಂ ಆಗಿ ಕುಗ್ಗುತ್ತೆ. ಹ್ಯಾರಿಸ್ ಅದನ್ನು ಲೇವಡಿ ಮಾಡುತ್ತಿದ್ದಾನೆ ಅಂತ ಅವನ ಪರ ಇರುವವರು ಹೇಳುತ್ತಾರೆ. ಲೇವಡಿ ಅಷ್ಟು ಉದ್ದ ಇರಬಾರದು.

ಈ ಕಡಲು, ಈ ಕ್ರಯಪತ್ರ ಬರೀ ಅಟ್ಲಾಂಟಿಕ್‌ನದ್ದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲದ ಕಾಡಂಚಿನಲ್ಲಿ ಇರುವ ಸಿದ್ದಿಗಳಲ್ಲಿ ಬಹಳಷ್ಟು ಜನರ ಹಿರಿಯರು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರು. ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದರು. ರಂಗಭೂಮಿ ಅವರನ್ನು ಅದಕ್ಕಿಂತ ಮೊದಲೇ ಹುಡುಕಿಕೊಂಡು ಹೋಗಿತ್ತು. 80ರ ದಶಕದಲ್ಲಿ ನೀನಾಸಮ್‌ನ ಚಿದಂಬರರಾವ್ ಜಂಬೆ ಅವರು ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ಕಟ್ಟಿಕೊಂಡು ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಕನ್ನಡದಲ್ಲಿ ನಾಟಕ ಮಾಡಿಸಿದರು. ಆಫ್ರಿಕಾ ಬಿಟ್ಟು ಶತಮಾನಗಳಾದ ಜನ, ಕನ್ನಡದಲ್ಲಿ, ಆಫ್ರಿಕಾದ ಒಂದು ಹಳ್ಳಿ ಕುಸಿಯುವ ಕಥೆಯನ್ನು ಆಡಿದರು. ಇವತ್ತಿಗೂ ಯೋಚಿಸಿದರೆ ಮೈ ಜುಮ್ಮೆನ್ನುವ ಆಯ್ಕೆ ಅದು.

ಆದರೆ ಅಚಿಬೆಯ ಕಾದಂಬರಿ ಇಗ್ಬೊ ಹಳ್ಳಿಗೆ ಪಾದ್ರಿಗಳು, ಬ್ರಿಟಿಷ್ ಆಡಳಿತ ಕಾಲಿಟ್ಟ ಕಥೆ. ಅದು ನಡೆಯೋದು ಪಶ್ಚಿಮ ಆಫ್ರಿಕಾದಲ್ಲಿ. ಪೋರ್ಚುಗೀಸರ ಹಡಗು ಗೋವೆಗೆ ಜನರನ್ನು ತುಂಬಿಕೊಂಡು ಬರುತ್ತಿದ್ದುದು ಹೆಚ್ಚಾಗಿ ಪೂರ್ವ ಕರಾವಳಿಯ ಮೊಜಾಂಬಿಕ್ ಕಡೆಯಿಂದ. ಅಂದರೆ ಸಿದ್ದಿ ನಟರಿಗೆ ಒಂದು ತೌರುಮನೆ ಸಿಕ್ಕಿತು, ಅದು ಅವರದ್ದೇ ಅಂತ ಹೇಳಲಾಗದು. ನನಗೆ ನೋಡಬೇಕು ಅನಿಸುವ ನಾಟಕದಲ್ಲಿ ಆಫ್ರಿಕಾ ಇರಬೇಕಿಲ್ಲ. ಗೋವೆಯ ಒಂದು ಮನೆ, ಅಲ್ಲಿಂದ ರಾತ್ರೋರಾತ್ರಿ ಕಾಡಿಗೆ ಬಂದ ಒಬ್ಬ ಹೆಂಗಸು, ಅವಳ ಕೈಯಲ್ಲಿ ಬಂದ ಒಂದು ವಸ್ತು ಸಾಕು. ಡಮಾಮಿ ಡೋಲು ಇರಬಹುದು, ಅಥವಾ ಅಷ್ಟು ಸುಂದರ ಅಲ್ಲದ ಏನಾದರೂ. ಜೊತೆಗೆ ಆ ವಸ್ತುವನ್ನು ಮ್ಯೂಸಿಯಂಗೆ ಕೊಡೋಣ ಅನ್ನುವ ಅಕ್ಕ, ಮಾರಿ ಅತಿಕ್ರಮಣ ಜಮೀನಿನ ಕೇಸು ನಡೆಸೋಣ ಅನ್ನುವ ತಮ್ಮ.

‘ಪಿಯಾನೋ ಲೆಸನ್’ನಲ್ಲಿ ಎಲ್ಲರೂ ಮರೆಯುವ ಒಂದು ಪಾತ್ರ ಇದೆ, ಬರ್ನೀಸ್‌ಳ ಹನ್ನೊಂದು ವರ್ಷದ ಮಗಳು ಮರೀತಾ. ಮನೆಯಲ್ಲಿ ಪಿಯಾನೋ ನುಡಿಸೋದು ಅವಳೊಬ್ಬಳೇ. ಕೆತ್ತಿರುವ ಮುಖಗಳು ಯಾರವು ಅಂತ ಅವಳಿಗೆ ಯಾರೂ ಹೇಳಿಲ್ಲ. ಆ ಭಾರ ಮಗಳಿಗೆ ಬೇಡ ಅಂತ ಅಮ್ಮನೇ ಮುಚ್ಚಿಟ್ಟಿದ್ದಾಳೆ. ಮಾವ ಹೇಳೋದು ಉಲ್ಟಾ: ಕಥೆ ಹೇಳು, ಪಿಯಾನೋ ಮನೆಗೆ ಬಂದ ದಿನವನ್ನು ವರ್ಷವರ್ಷ ಹಬ್ಬ ಮಾಡು, ಆಗ ಹುಡುಗಿ ತಲೆ ಎತ್ತಿ ನಡೀತಾಳೆ. ಈ ಜಗಳ ಜೋರಾಗಿ ನಡೆಯುವಾಗ ಬರ್ನೀಸ್ ಒಲೆಯ ಮೇಲೆ ಕಾಯಿಸಿದ ಬಾಚಣಿಗೆಯಿಂದ ಮಗಳ ಗುಂಗುರು ಕೂದಲನ್ನು ನೇರ ಮಾಡುತ್ತಿರುತ್ತಾಳೆ. ನೀನು ಗಂಡಾಗಿದ್ದಿದ್ದರೆ ನನಗೆ ಈ ಪಾಡು ಇರುತ್ತಿರಲಿಲ್ಲ ಅಂತಾಳೆ. ಮಗುವಿಗೆ ಹೀಗೆಲ್ಲ ಹೇಳ್ತಾರಾ ಅಂತ ತಮ್ಮ ರೇಗುತ್ತಾನೆ. ಮರೀತಾ ಏನೂ ಹೇಳುವುದಿಲ್ಲ. ಬಾಚಣಿಗೆ ಬಿಸಿ, ಕಿವಿ ಸುಡದ ಹಾಗೆ ತಲೆ ಅಲುಗಿಸದೆ ಕೂತಿದ್ದಾಳೆ.